ಪೆನ್ಸಿಲಕ್ಕನ ಉಳಿದ ಒಂದು ಪೇಪರ್

ನಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಅವಳನ್ನು ಎಲ್ಲರೂ ಪೆನ್ಸಿಲಕ್ಕ ಎನ್ನುತ್ತಾರೆ. ಸೆಮಿಸ್ಟರ್ ಕೊನೆಯ ಪರೀಕ್ಷೆಗಳಿಗೆ ವೇಳಾಪಟ್ಟಿ ಮಾಡುವುದು ಅವಳ ಕೆಲಸ. ಅವಳ ಎದುರು ಮೇಜಿನಲ್ಲಿ ಹನ್ನೊಂದು ವರ್ಷ ಕೂತು ಬೈಸಿಕೊಂಡವನು ನಾನು. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ಬೇರೆ ಯಾರಿಗಿಂತಲೂ ನನಗೇ ಹೆಚ್ಚು.

ವೇಳಾಪಟ್ಟಿ ಎಂದರೆ ಏನು ಮಹಾ ಎನ್ನುವವರನ್ನು ಒಂದು ದಿನ ನಮ್ಮ ಕೋಣೆಯಲ್ಲಿ ಕೂರಿಸಬೇಕು. ಮೂವತ್ತೊಂದು ವಿಭಾಗಗಳಿಂದ ಕೋರಿಕೆ ಪತ್ರ ಬರುತ್ತದೆ: ಯಾವ ವಿಷಯ, ಎಷ್ಟು ಮಂದಿ, ಯಾವ ದಿನ ಬೇಕು. ಮೂವತ್ತೊಂದಕ್ಕೂ ಬೇಕಾದದ್ದು ಮೊದಲ ದಿನದ ಬೆಳಿಗ್ಗೆಯೇ. ಬೇಗ ಮುಗಿದರೆ ಬೇಗ ತಿದ್ದಿ, ಬೇಗ ರಜೆಗೆ ಹೊರಡಬಹುದಲ್ಲ. ಎಷ್ಟು ಮಂದಿ ಎಂಬುದನ್ನಂತೂ ಹೋದ ವರ್ಷದ ಪತ್ರ ನೋಡಿ ನಕಲು ಹೊಡೆಯುತ್ತಾರೆ. ಮಕ್ಕಳು ನಕಲು ಹೊಡೆದರೆ ಹೊರಗೆ ಕಳಿಸುವವರೂ ಇವರೇ. ಪೆನ್ಸಿಲಕ್ಕ ಮೇಜಿನಗಲದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಒಬ್ಬನೇ ಒಬ್ಬ ವಿದ್ಯಾರ್ಥಿಗೂ ಒಂದೇ ಹೊತ್ತಿಗೆ ಎರಡು ಪರೀಕ್ಷೆ ಬೀಳದಂತೆ ಎಲ್ಲವನ್ನೂ ಹೊಂದಿಸುತ್ತಾಳೆ. ಕಂಪ್ಯೂಟರ್ ಇಲ್ಲವೆಂದಲ್ಲ. ಅದು ಮಾಡಿಕೊಟ್ಟದ್ದನ್ನೂ ಹಾಳೆಯ ಮೇಲೆ ತಾಳೆ ನೋಡದೆ ಅವಳು ಬಿಡುವುದಿಲ್ಲ.

ಈ ಹಟ ಸುಮ್ಮನೆ ಬಂದದ್ದಲ್ಲ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಅವಳು ಇಲ್ಲೇ ಪದವಿಯ ಕೊನೆಯ ವರ್ಷದಲ್ಲಿದ್ದಾಗ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎರಡೂ ಒಂದೇ ಗುರುವಾರ, ಒಂದೇ ಹತ್ತು ಗಂಟೆಗೆ ಬಿದ್ದವು. ಹೇಳಿಕೊಳ್ಳಲು ಹೋದಾಗ ಅಂದಿನ ಗುಮಾಸ್ತ ತಲೆ ಕೂಡ ಎತ್ತದೆ, ಒಬ್ಬಳಿಗೋಸ್ಕರ ಪಟ್ಟಿ ಬದಲಾಯಿಸಲಾಗುವುದಿಲ್ಲ ಎಂದನಂತೆ. ಅವಳು ಅರ್ಥಶಾಸ್ತ್ರ ಬರೆದಳು, ಇನ್ನೊಂದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಳು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಸಿಕ್ಕ ಕೆಲಸ ಹಿಡಿಯಬೇಕಾಯಿತು. ಆಮೇಲೆ ಮದುವೆ, ಮಗಳು, ಪಠ್ಯಕ್ರಮವೂ ಬದಲಾಯಿತು. ಪದವಿ ಒಂದು ಪೇಪರ್ ದೂರದಲ್ಲಿ ನಿಂತೇಬಿಟ್ಟಿತು.

ಈ ವರ್ಷ ಹಳೆಯ ಪಠ್ಯಕ್ರಮದವರಿಗೆ ಒಂದು ಅವಕಾಶ ಕೊಟ್ಟರು. ಇದೇ ಕೊನೆ, ಇನ್ನು ಕೇಳಬೇಡಿ ಎಂದು ಸುತ್ತೋಲೆಯಲ್ಲೇ ಬರೆದಿತ್ತು. ಪೆನ್ಸಿಲಕ್ಕ ಸದ್ದಿಲ್ಲದೆ ಅರ್ಜಿ ಹಾಕಿದಳು. ಪದವಿಯ ಎರಡನೇ ವರ್ಷದಲ್ಲಿದ್ದ ಮಗಳೇ ಮನೆಯಲ್ಲಿ ಮೇಡಂ. ಬೆಳಿಗ್ಗೆ ತರಕಾರಿ ಹೆಚ್ಚುತ್ತಾ ಅಮ್ಮ ಸೂತ್ರ ಒಪ್ಪಿಸಬೇಕು. ತಪ್ಪಿದರೆ ಮಗಳು ಚಿಕ್ಕಂದಿನ ಸೇಡನ್ನೆಲ್ಲ ತೀರಿಸಿಕೊಳ್ಳುತ್ತಿದ್ದಳು. ಟೈಲರ್ ಗಂಡ ಮಾತ್ರ ಯಾರ ಪರ ವಹಿಸಿದರೂ ಕಷ್ಟವೆಂದು ಬಾಯಿಗೆ ಬೀಗ ಹಾಕಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಿದ್ದನಂತೆ.

ಎಡವಟ್ಟಾದದ್ದು ಕೋರಿಕೆ ಪತ್ರಗಳು ಬಂದ ಮೇಲೆ. ಸಂಖ್ಯಾಶಾಸ್ತ್ರದವರು ಹಳೆಯ ಪಠ್ಯಕ್ರಮದ ಪೇಪರನ್ನೂ ಸೇರಿಸಿ ಎಂದಿನಂತೆ ಮೊದಲ ದಿನ ಬೆಳಿಗ್ಗೆ ಕೇಳಿದ್ದರು, ಹಾಳೆಯಲ್ಲಿ ಅದು ಅಲ್ಲೇ ಸರಿಯಾಗಿ ಕೂತಿತು. ಆದರೆ ಅದೇ ಹೊತ್ತಿಗೆ ಮೊದಲ ವರ್ಷದ ಗಣಿತ ಪರೀಕ್ಷೆ, ಸಾವಿರಕ್ಕೂ ಮೇಲ್ಪಟ್ಟ ಮಂದಿಗೆ ಒಟ್ಟಿಗೆ. ಆ ಬೆಳಿಗ್ಗೆ ಪೆನ್ಸಿಲಕ್ಕ ನಿಯಂತ್ರಣ ಕೊಠಡಿ ಬಿಟ್ಟು ಅಲ್ಲಾಡುವಂತಿಲ್ಲ. ಯಾವ ಕೊಠಡಿಯಲ್ಲಿ ಯಾರು, ಎಲ್ಲಿ ಬೆಂಚು ಮುರಿದಿದೆ, ಯಾವ ಬೀಗದ ಕೈ ಯಾರ ಹತ್ತಿರ, ಎಲ್ಲವೂ ಅವಳ ತಲೆಯಲ್ಲಿ ಮಾತ್ರ ಇತ್ತು.

ಪಟ್ಟಿ ಇನ್ನೂ ಪ್ರಕಟವಾಗಿರಲಿಲ್ಲ. ನಾನು ರಬ್ಬರ್ ತೆಗೆದು ಅವಳ ಮುಂದಿಟ್ಟೆ.

"ಸಂಖ್ಯಾಶಾಸ್ತ್ರಾನ ಮಾರನೇ ದಿನಕ್ಕೆ ತಳ್ಳಿಬಿಡಕ್ಕ. ಯಾರಿಗೆ ಗೊತ್ತಾಗುತ್ತೆ?"

"ವಿದ್ಯಾರ್ಥಿಗೆ ಎರಡು ಪರೀಕ್ಷೆ ಒಟ್ಟಿಗೆ ಬಂದ್ರೆ ನಾನೇ ಬದಲಾಯಿಸ್ತೀನಿ ಕಣೋ. ನನಗೆ ಬಂದಿರೋದು ಒಂದೇ ಪರೀಕ್ಷೆ. ಇನ್ನೊಂದು ನನ್ನ ಕೆಲಸ."

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತನಾಲ್ಕು ವರ್ಷ ಕಾದವಳು ಒಂದು ಗೆರೆ ಅಳಿಸಲು ಇಷ್ಟು ನಿಯಮ ಮಾತಾಡಬೇಕೆ? ಎರಡು ದಿನ ಮಾತು ಬಿಟ್ಟೆ. ಅದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ. ಅವಳು ನೇರವಾಗಿ ಪರೀಕ್ಷಾ ಅಧಿಕಾರಿಯ ಹತ್ತಿರ ಹೋಗಿ ಅರ್ಧ ದಿನ ರಜೆ ಕೇಳಿದ್ದಳು. ನೀವಿಲ್ಲದೆಯೂ ಆ ಬೆಳಿಗ್ಗೆ ನಡೆಯುತ್ತದೆ ಎಂದು ನನಗೆ ತೋರಿಸಿಕೊಡಿ, ರಜೆ ಕೊಡುತ್ತೇನೆ ಎಂದರಂತೆ ಅವರು.

ಅಂದಿನಿಂದ ಮೂರು ವಾರ ಅವಳು ತನ್ನ ತಲೆಯಲ್ಲಿದ್ದದ್ದನ್ನೆಲ್ಲ ಕಾಗದಕ್ಕೆ ಇಳಿಸಿದಳು. ಒಂದೊಂದು ತೊಡಕಿಗೂ ಒಂದು ಹಾಳೆ. ಏನೇನು ಕೈಕೊಡಬಹುದು, ಕೈಕೊಟ್ಟರೆ ಯಾರನ್ನು ಕರೆಯಬೇಕು. ನನ್ನನ್ನು ಪರೀಕ್ಷೆ ನಡೆಯುವ ಕಟ್ಟಡದ ಮೆಟ್ಟಿಲು ಹತ್ತಿಸಿ ಇಳಿಸಿ ಸುಸ್ತು ಮಾಡಿದಳು, ಅಧಿಕಾರಿಯ ಎದುರು ನಿಲ್ಲಿಸಿ ಪಾಠ ಒಪ್ಪಿಸುವಂತೆ ಮಾಡಿದಳು. ಅವರು ಕೇಳಿದ ಹದಿನೇಳು ಪ್ರಶ್ನೆಗಳಿಗೂ ನಾನು ಉತ್ತರ ಹೇಳಿದೆ. ರಜೆ ಚೀಟಿಗೆ ಸಹಿ ಬಿತ್ತು. ಅಂದು ನನ್ನ ಪಾಡಿಗೆ ನಾನು ಸಣ್ಣಗೆ ಬೀಗಿದ್ದೂ ನಿಜ.

ಪರೀಕ್ಷೆಯ ದಿನ ಒಂಬತ್ತೂ ಮುಕ್ಕಾಲಿಗೆ ನನ್ನ ಬೀಗುವಿಕೆ ಇಳಿಯಿತು. ಗಣಿತ ವಿಭಾಗದವರು ಕೊಟ್ಟದ್ದು ಹೋದ ವರ್ಷದ ಲೆಕ್ಕ. ನಲವತ್ತೆಂಟು ಮಕ್ಕಳು ಕೂರಲು ಜಾಗವಿಲ್ಲದೆ ಪಡಸಾಲೆಯಲ್ಲಿ ನಿಂತಿದ್ದರು. ಒಬ್ಬಳಂತೂ ಅಳುತ್ತಿದ್ದಳು. ಅದೇ ಹೊತ್ತಿಗೆ ಪೆನ್ಸಿಲಕ್ಕ, ಕೈಯಲ್ಲಿ ಹಾಲ್ ಟಿಕೆಟ್ ಹಿಡಿದು ತನ್ನ ಕೊಠಡಿಗೆ ಹೋಗಲು ಅದೇ ಪಡಸಾಲೆಗೆ ಬಂದಳು. ಅವರನ್ನು ನೋಡಿದಳು. ನನ್ನನ್ನೂ ನೋಡಿದಳು. ಈಗ ಇವಳು ಹಾಲ್ ಟಿಕೆಟ್ ಮಡಚಿಟ್ಟು ಇಲ್ಲೇ ನಿಂತುಬಿಡುತ್ತಾಳೆ, ಇನ್ನು ಪದವಿ ಇಲ್ಲ ಎಂದುಕೊಂಡೆ.

"ಹನ್ನೆರಡನೇ ಹಾಳೆ ನೋಡು," ಎಂದಳು. ನಡೆದೇಬಿಟ್ಟಳು.

ಗಾಬರಿಯಲ್ಲಿ ನಾನು ಮರೆತೇಬಿಟ್ಟಿದ್ದ ಹನ್ನೆರಡನೇ ಹಾಳೆಯಲ್ಲಿ ಅವಳ ಪೆನ್ಸಿಲಿನಲ್ಲಿ ಹೀಗಿತ್ತು: ಗಣಿತದವರು ಲೆಕ್ಕ ನಕಲು ಮಾಡುತ್ತಾರೆ. ಇಪ್ಪತ್ತೆರಡನೇ ಕೊಠಡಿ ಬೇಕೆಂದೇ ಖಾಲಿ ಬಿಟ್ಟಿದ್ದೇನೆ, ಐವತ್ತು ಸೀಟು. ಹೆಚ್ಚಿನ ಪ್ರಶ್ನೆಪತ್ರಿಕೆ ಕಬ್ಬಿಣದ ಬೀರುವಿನಲ್ಲಿದೆ. ಮೇಲ್ವಿಚಾರಕಿಗೆ ಹೇಳಿದ್ದೇನೆ, ಕಾಯುತ್ತಿರುತ್ತಾರೆ. ಓದಿ ಮುಗಿಸುವಷ್ಟರಲ್ಲಿ ನಾನು ಓಡುತ್ತಿದ್ದೆ. ಹತ್ತು ಗಂಟೆಯ ಬೆಲ್ ಹೊಡೆದಾಗ ನಲವತ್ತೆಂಟು ಮಂದಿಯೂ ಕೂತಿದ್ದರು. ಎರಡು ಮಹಡಿ ಮೇಲೆ, ಮಗಳ ವಯಸ್ಸಿನವರ ನಡುವೆ, ಅವಳೂ ಕೂತಿದ್ದಳು.

ಫಲಿತಾಂಶ ಐದು ವಾರದ ಮೇಲೆ ಒಂದು ಮಧ್ಯಾಹ್ನ ನಮ್ಮ ವಿಭಾಗಕ್ಕೇ ಬಂತು, ತಾಳೆ ನೋಡಲು. ಹಳೆಯ ಪಠ್ಯಕ್ರಮದ ಹಾಳೆಯಲ್ಲಿ ಮೂರೇ ಸಾಲು. ಅವಳು ಅದನ್ನು ಓದಲಿಲ್ಲ. ತನ್ನದನ್ನು ತಾನೇ ತಾಳೆ ನೋಡುವಂತಿಲ್ಲ ಎಂದು ನನ್ನ ಕಡೆ ತಳ್ಳಿ ಕಣ್ಣು ಮುಚ್ಚಿಕೊಂಡಳು. ಎರಡು ಸಲ ನೋಡಿದೆ, ಮೂರನೇ ಸಲ ಅಧಿಕಾರಿಯನ್ನೂ ಕರೆದು ತೋರಿಸಿದೆ.

"ಎಪ್ಪತ್ತೊಂದು ಅಕ್ಕ. ಡಿಗ್ರಿ ಆಯ್ತು ನಿಂದು."

ಅವಳು ಕಣ್ಣು ಬಿಟ್ಟಳು. ಪಿಸುಮಾತಾಡಿದರೂ ನಮ್ಮನ್ನು ಗದರುತ್ತಿದ್ದ ಆ ಹೆಂಗಸು ಎರಡೂ ಕೈಯಿಂದ ಮೇಜು ಗುದ್ದಿ, ಪಾಸಾದೆ ಪಾಸಾದೆ ಎಂದು ಕೂಗಿದ ಕೂಗಿಗೆ ಪಕ್ಕದ ವಿಭಾಗಗಳವರೆಲ್ಲ ಬಾಗಿಲಿಗೆ ಓಡಿ ಬಂದರು. ಆಮೇಲೆ ಅವಳು ಅತ್ತಳು, ನಕ್ಕಳು, ಮಗಳಿಗೆ ಫೋನ್ ಮಾಡಿ ಮತ್ತೆ ಕೂಗಿದಳು. ನಾವು ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ, ಸಂಜೆಯವರೆಗೂ.