ನಾಲ್ಕು ರಸ್ತೆಯ ಸೀಟಿ

ಅರವತ್ತರ ದಶಕ. ಯಲ್ಲಾಪುರದ ಬಸ್ಸು ಹಿಡಿಯಲು ಅತ್ತೆಯೂ ಸೊಸೆಯಾದ ನಾನೂ ಶಿರಸಿ ಪೇಟೆಯ ನಾಲ್ಕು ರಸ್ತೆ ಕೂಡುವಲ್ಲಿ ದಾಟಬೇಕಿತ್ತು. ಮರದ ದಿಮ್ಮಿ ಹೇರಿದ ನಾಟಾ ಲಾರಿಗಳು ಸೈಕಲ್ಲಿನವರನ್ನು ಗಟಾರಕ್ಕೆ ತಳ್ಳುತ್ತವೆಂದು ಅಲ್ಲಿಗೊಬ್ಬ ಪೊಲೀಸನನ್ನು ಹಾಕಿದ್ದರು. ಹೋಗಿಬರುವವರೆಲ್ಲ ಮರ್ಯಾದೆಗೆಂದು ಅವನಿಗೆ ಕವಳ ಕೊಟ್ಟು ಕೊಟ್ಟು, ಬಾಯಿ ತುಂಬ ಎಲೆಯಡಿಕೆ. ಸೀಟಿ ಸುಮ್ಮನೆ ಕೊರಳಲ್ಲಿ.

ಅತ್ತೆ ನಡುರಸ್ತೆಗೆ ತಲುಪಿದಾಗ ಲಾರಿ ನುಗ್ಗಿ ಬಂತು. ಅವರು ಗಾಬರಿಯಿಂದ ಅಲ್ಲೇ ನಿಂತುಬಿಟ್ಟರು.

"ಸೀಟಿ ಊದ್ರಾ ಮಾರಾಯ್ರಾ!" ಎಂದು ಪೊಲೀಸನ ಪಕ್ಕಕ್ಕೆ ಓಡಿ ಕಿರುಚಿದೆ.

ಪೊಲೀಸ ತನ್ನ ಉಬ್ಬಿದ ಕೆನ್ನೆ ತೋರಿಸಿದ. ಉಗುಳಲು ಅವನಿಗೆ ಮನಸ್ಸಿಲ್ಲ! ಸೀಟಿಯ ದಾರ ಹಿಡಿದು ಅವನನ್ನೇ ಬಗ್ಗಿಸಿ, ನಾನೇ ಊದಿದೆ. ಲಾರಿ ಕಿರುಗುಟ್ಟಿ ನಿಂತಿತು.

ಅತ್ತೆ ದಾಟಿದವರೇ ಆಚೆಯಿಂದ ಕೂಗಿದರು: "ಹೆಂಗಸ್ರು ಪ್ಯಾಟೆಲಿ ಸೀಟಿ ಊದ್ತ್ವನೇ? ಲಾರಿಯಂವ ಎಂತ ತಿಳ್ಕತ್ತ!"