ಹೊಸ ಮನೆಗೆ ಕುದುರೆಯ ಗೂಟ

ನಮ್ಮ ಅಜ್ಜನ ಮುತ್ತಜ್ಜ ಲಿಂಗಸುಗೂರಿನ ದಂಡಿನಲ್ಲಿ ಕುದುರೆ ಸವಾರನಾಗಿದ್ದ. ಯುದ್ಧ ಮುಗಿಸಿ ಗುರುಗುಂಟಾದಲ್ಲಿ ನೆಲೆ ನಿಂತ ಮೇಲೂ, ಮತ್ತೆ ಕರೆ ಬರಬಹುದೆಂದು ಊಟದ ನಡುವೆ ಎದ್ದು ಹೋಗಿ ಕುದುರೆಯನ್ನು ನೋಡಿ ಬರುತ್ತಿದ್ದನಂತೆ. ಅಂದಿನಿಂದ ನಮ್ಮವರು ಎಲ್ಲಿ ಮನೆ ಕಟ್ಟಿದರೂ ಅಂಗಳದಲ್ಲಿ ಆ ಕುದುರೆಯ ಗೂಟ ನೆಟ್ಟ ಮೇಲೆಯೇ ಒಲೆ ಹೊತ್ತಿಸುತ್ತಾರೆ.

ಹೋದ ವರ್ಷ ಸಿಂಧನೂರಿನಲ್ಲಿ ಅಣ್ಣನ ಹೊಸ ಮನೆಯ ಗೃಹಪ್ರವೇಶ. ಅವನು ಗೇಟಿನವರೆಗೂ ಟೈಲ್ಸ್ ಹಾಕಿಸಿ, ಗೂಟಕ್ಕೆ ಜಾಗ ಬಿಡುವುದನ್ನೇ ಮರೆತಿದ್ದ. ಹಳೆಯ ಗೂಟವನ್ನು ತೊಡೆಯ ಮೇಲಿಟ್ಟುಕೊಂಡು ಬಂದ ಸೋದರತ್ತೆ ಆಟೋದಿಂದ ಇಳಿಯಲಿಲ್ಲ.

“ಅತ್ತಿ, ಒಳಗ ಬಾ. ಹಾಲು ಉಕ್ಕಿಸೋ ಹೊತ್ತಾತು,” ಎಂದ ಅಣ್ಣ.

“ಇದನ್ನ ಎಲ್ಲಿ ಹುಗೀತಿ ಹೇಳು, ಇಳೀತೀನಿ.”

“ಅಂಗಳದಾಗ ಕಾರು ನಿಲ್ಲಸಬೇಕು. ಈಗ ಕುದುರಿ ಎಲ್ಲೈತಿ?”

“ನಿಮ್ಮಪ್ಪ ಮನಿ ಕಟ್ಟಿದಾಗೂ ಕುದುರಿ ಇದ್ದಿದ್ದಿಲ್ಲ. ಅವ ಹಿಂಗ ಕೇಳಿದ್ದನೇನು?”

ಆಟೋದವನು ಹಾರ್ನ್ ಹೊಡೆಯತೊಡಗಿದ. ಮನೆ ಕಟ್ಟಿದ್ದ ಮಸ್ಕಿಯ ಗೌಂಡಿ ಊಟಕ್ಕೆ ಬಂದಿದ್ದ; ಅಣ್ಣ ಅವನನ್ನು ಕೂಗಿದ. ಗೇಟಿನ ಬಳಿ ಟೈಲ್ಸ್ ಒಡೆದು ಗೂಟ ನೆಟ್ಟರು. ಅತ್ತೆ ಇಳಿದಳು, ಹಾಲು ಉಕ್ಕಿತು. ಕಾರು ಮಾತ್ರ ಬೀದಿಯಲ್ಲೇ ಉಳಿಯಿತು.

ಊಟಕ್ಕೆ ಕುಳಿತ ಅಣ್ಣ ಹೊರಗೆ ಗಾಡಿಯ ಸದ್ದಾದಾಗಲೆಲ್ಲ ಎಂಜಲುಗೈಯಲ್ಲೇ ಬಾಗಿಲಿಗೆ ಹೋಗಿ ಬರುತ್ತಿದ್ದ.

“ಕುಂದರೋ,” ಎಂದಳು ಅತ್ತೆ, ಹೋಳಿಗೆ ಮುರಿಯುತ್ತ, “ಓಡಿ ಹೋಗಂಗಿಲ್ಲ ಅದು.”