ಪ್ರಾಸಕ್ಕೆ ಕೂರದ ಒನಕೆ

ರಾಜಾಜಿನಗರದ ಕನ್ನಡ ಪಂಡಿತ ರೇವಣಸಿದ್ದಯ್ಯನವರು ಮೂವತ್ತು ವರ್ಷ ಷಟ್ಪದಿ ಬರೆದರು. ಮದುವೆಯ ಕರೆಯೋಲೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಸಾಹೇಬರ ವರ್ಗಾವಣೆಗೆ, ಎಲ್ಲಕ್ಕೂ ಆರು ಸಾಲು, ಪ್ರತಿ ಸಾಲಿಗೂ ಎರಡನೆಯ ಅಕ್ಷರದ ಪ್ರಾಸ. ಕೇಳಿದವರು “ಚೆನ್ನಾಗಿದೆ ಮೇಷ್ಟ್ರೇ” ಎಂದು ಊಟದ ಪಂಕ್ತಿಯ ಕಡೆ ಕಣ್ಣು ಹಾಯಿಸುತ್ತಿದ್ದರು. ನಿವೃತ್ತಿಗೆ ನಾಲ್ಕೇ ತಿಂಗಳಿತ್ತು. ಅಷ್ಟರೊಳಗೆ ಒಂದು ಪದ್ಯವಾದರೂ ಯಾರದಾದರೂ ಎದೆಗೆ ತಾಕಬೇಕೆಂದು ಅವರಿಗೆ ಆಸೆ. ಬಾಯಿ ಬಿಟ್ಟು ಹೇಳಲು ನಾಚಿಕೆ.

ಊರೆಲ್ಲ ‘ಹಿಂದಿ ಚೀನೀ ಭಾಯಿ ಭಾಯಿ’ ಎನ್ನುತ್ತಿದ್ದ ಕಾಲ. ಬಿನ್ನಿಪೇಟೆಯ ಕಾರ್ಮಿಕರ ವಾಚನಾಲಯಕ್ಕೆ ಚೀನಾದ ಉಪಾಧ್ಯಾಯರೊಬ್ಬರು ಬರುವವರಿದ್ದರು. ಕಾರ್ಯದರ್ಶಿ ಚನ್ನವೀರಪ್ಪ ಇಂಗ್ಲಿಷಿನಲ್ಲಿದ್ದ ಹೊಸ ಚೀನೀ ಕವಿತೆಯೊಂದನ್ನು ತಂದುಕೊಟ್ಟು, “ಭಾನುವಾರ ನೀವೇ ಕನ್ನಡದಲ್ಲಿ ಓದ್ಬೇಕು ಮೇಷ್ಟ್ರೇ” ಎಂದ.

ಕವಿತೆಯಲ್ಲಿ ಒಬ್ಬ ಹೆಂಗಸು. ಗಂಡ ಕಾಲುವೆ ತೋಡಲು ದೂರ ಹೋಗಿದ್ದಾನೆ, ಅವಳು ಬತ್ತ ಕುಟ್ಟುತ್ತಿದ್ದಾಳೆ. ‘ಚಂದ್ರಾ, ಹಳೆಯ ಕವಿಗಳು ಹೆಂಡದ ಬಟ್ಟಲು ಹಿಡಿದು ನಿನ್ನನ್ನು ಕರೆದರು. ನನ್ನ ಕೈಯಲ್ಲಿರುವುದು ಒನಕೆ. ಕುಟ್ಟಿ ಮುಗಿಯುವ ತನಕ ಇರು’ ಎನ್ನುತ್ತಾಳೆ. ಛಂದಸ್ಸಿಲ್ಲ, ಪ್ರಾಸವಿಲ್ಲ. ಪಂಡಿತರಿಗೆ ಅಯ್ಯೋ ಅನ್ನಿಸಿತು. ಮೂರು ದಿನ ಕೂತು ಅದನ್ನು ಷಟ್ಪದಿಗೆ ಇಳಿಸಿದರು. ಹೆಂಡವನ್ನು ಮಡಿ ಮಾಡಿ ಹಾಲಾಗಿಸಿದರು.

ಹೆಂಡತಿ ಶಿವಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಂಡಿತರು ಅವರಿಗೆ ಚೀನೀ ಕವಿತೆಯ ಕತೆ ಹೇಳಿ, ತಮ್ಮ ಷಟ್ಪದಿಯನ್ನು ರಾಗವಾಗಿ ಹಾಡಿದರು.

“ಅವಳು ಏನೋ ಕುಟ್ತಿದ್ಲು ಅಂದ್ರಲ್ಲ. ಇಲ್ಲಿ ಸುಮ್ನೆ ಕೂತಿದ್ದಾಳಲ್ಲ?”

“ಚಂದಿರ, ಮಂದಿರ, ಸುಂದರಿ... ಈ ಪ್ರಾಸಕ್ಕೆ ಒನಕೆ ಕೂರಲಿಲ್ಲ ಕಣೇ.”

“ಒನಕೆ ಬಿಟ್ರೆ ಇನ್ನೇನಿದೆ ಅದರಲ್ಲಿ? ದಿನಾ ಪೂಜೇಲಿ ವಚನ ಹೇಳ್ತೀರಿ. ಅದಕ್ಕೆ ಯಾವ ಪ್ರಾಸ ಇದೆ?”

ಪಂಡಿತರು ಮುಖ ಊದಿಸಿಕೊಂಡು ಎದ್ದುಹೋದರು. ಮೂವತ್ತು ವರ್ಷದ ವಿದ್ಯೆಗೆ ಅಕ್ಕಿ ಆರಿಸುವವಳ ತೀರ್ಪೇ?

ಮರುದಿನ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ವಚನ ಹೇಳತೊಡಗಿದರು. ಬಲಗೈ ಬೆರಳು ತಾನಾಗಿಯೇ ಮಾತ್ರೆ ಎಣಿಸತೊಡಗಿತು. ಲೆಕ್ಕ ಕೂಡಲಿಲ್ಲ. ಇನ್ನೊಂದು ವಚನ ಹೇಳಿದರು, ಅದೂ ಕೂಡಲಿಲ್ಲ. ಹುಟ್ಟಿದಂದಿನಿಂದ ಬಾಯಲ್ಲಿದ್ದದ್ದನ್ನು ತಾವು ಪದ್ಯವೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಪೂಜೆ ಮುಗಿಸಿ ಷಟ್ಪದಿಯನ್ನು ಮಡಿಚಿಟ್ಟು, ವಚನದ ನಡೆಯಲ್ಲೇ ಮತ್ತೆ ಬರೆದರು. ಒನಕೆ ಬಂತು. ಹೆಂಡವೂ ಬಂತು.

ಭಾನುವಾರ ಹಾಡದೆ, ಮಾತಾಡುವಂತೆ ಓದಿದರು. ಚೀನಾದ ಉಪಾಧ್ಯಾಯರು ನಗುತ್ತ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಚನ್ನವೀರಪ್ಪ ಅದನ್ನು ಸಭೆಗೆ ಕನ್ನಡದಲ್ಲಿ ತಿಳಿಸಿದ: “ಬಟ್ಟಲು, ಚಂದ್ರ ಎಲ್ಲ ಅವರ ಹಳೇ ಪದ್ಯದ್ದಂತೆ, ಮಕ್ಕಳಿಗೂ ಬಾಯಿಪಾಠವಂತೆ. ಹೊಸ ಕವಿಗೂ ಅದು ಬಾಯಲ್ಲೇ ಇತ್ತಂತೆ, ಅದಕ್ಕೇ ಅದರ ಜೊತೆ ಜಗಳ ಆಡೋಕಾಯ್ತಂತೆ.” ಪಂಡಿತರು ತಲೆದೂಗಿದರು. ಆದರೆ ಸಭೆಯಲ್ಲಿ ಚಪ್ಪಾಳೆ ಬೀಳಲಿಲ್ಲ, ‘ಚೆನ್ನಾಗಿದೆ’ ಎನ್ನುವವರೂ ಇಲ್ಲ. ಇದೂ ಯಾರ ಎದೆಗೂ ತಾಕಲಿಲ್ಲ ಎಂದುಕೊಂಡರು.

ಕಾಗದ ಮಡಿಚುವಾಗ ಹಿಂದಿನ ಸಾಲಿನಿಂದ ಮಿಲ್ಲಿನ ಮುನಿತಾಯಮ್ಮ ಎದ್ದು ನಿಂತರು.

“ಸ್ವಾಮಿ, ಆ ಹೆಣ್ಮಗಳ ಗಂಡ ವಾಪಸ್ ಬಂದ್ನಾ?”

ಮೂವತ್ತು ವರ್ಷದಲ್ಲಿ ಅವರ ಪದ್ಯದ ಬಗ್ಗೆ ಯಾರೂ ಏನನ್ನೂ ಕೇಳಿರಲಿಲ್ಲ. ಪಂಡಿತರ ಕಣ್ಣು ತುಂಬಿಬಂತು.

“ಗೊತ್ತಿಲ್ಲ ತಾಯಿ,” ಎಂದರು. “ಅವಳಿನ್ನೂ ಕುಟ್ತಾನೇ ಇದ್ದಾಳೆ.”